ಸರ್ವರ್ ಬದಲಿಸಿದ ಮೇಲೆ ಯೂಸರ್ ಪ್ರೊಫೈಲ್ ಕಳೆಯದಂತೆ ತರುವುದು ಹೇಗೆ

ಹಂಪನಕಟ್ಟೆಯ ಸಿಎ ಆಫೀಸು, ಬಂದರಿನ ಸಗಟು ಮಳಿಗೆ, ಬೈಕಂಪಾಡಿಯ ಸಣ್ಣ ಕಾರ್ಖಾನೆ, ಮಣಿಪಾಲದ ಕ್ಲಿನಿಕ್. ಹತ್ತಿಪ್ಪತ್ತು ಕಂಪ್ಯೂಟರ್‌ಗಳಿರುವ ಇಂಥ ಕಡೆಗಳಲ್ಲಿ ಸ್ಮಾಲ್ ಬಿಸಿನೆಸ್ ಸರ್ವರ್ 2011 ಅಥವಾ ವಿಂಡೋಸ್ ಸರ್ವರ್ 2012 ಆರ್2 ಇನ್ನೂ ಓಡುತ್ತಿರುವುದುಂಟು. ಮೊದಲನೆಯದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ಎರಡನೆಯದಕ್ಕೆ 2023ರ ಅಕ್ಟೋಬರ್ 10ಕ್ಕೆ. ಬದಲಿಸಲೇಬೇಕು, ಸರಿ. ಹೊಸ ಸರ್ವರ್ ಕೂರಿಸುವುದು ಕಷ್ಟವಲ್ಲ. ಸೋಮವಾರ ಬೆಳಿಗ್ಗೆ ಅಕೌಂಟ್ಸ್‌ನವರು ಲಾಗಿನ್ ಆದಾಗ ಡೆಸ್ಕ್‌ಟಾಪ್ ಖಾಲಿ, ಔಟ್‌ಲುಕ್‌ನಲ್ಲಿ ಮೇಲ್ ಇಲ್ಲ, ಪ್ರಿಂಟರ್ ಇಲ್ಲ ಎನ್ನುವ ಸ್ಥಿತಿ ಬಾರದಂತೆ, ಅಂದರೆ ಪ್ರತಿಯೊಬ್ಬರ ಡೆಸ್ಕ್‌ಟಾಪ್, ಫೈಲ್, ಸೆಟ್ಟಿಂಗ್‌ಗಳೆಲ್ಲ ಸೇರಿದ ಯೂಸರ್ ಪ್ರೊಫೈಲ್ ಉಳಿಯುವಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ಫೈಲ್‌ಗಳೆಲ್ಲ ಡಿಸ್ಕ್‌ನಲ್ಲೇ ಇದ್ದರೂ ಡೆಸ್ಕ್‌ಟಾಪ್ ಖಾಲಿ ಕಾಣುವುದೇಕೆ? ವಿಂಡೋಸ್ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಎಸ್‌ಐಡಿ ಎಂಬ ಉದ್ದ ಸಂಖ್ಯೆಯಿಂದ. ಮನೆಗೆ ಯಾವ ಹೆಸರಿಟ್ಟರೂ ಪಹಣಿಯಲ್ಲಿ ನಡೆಯುವುದು ಸರ್ವೆ ನಂಬರ್ ತಾನೇ, ಇದೂ ಹಾಗೆಯೇ. ಎಸ್‌ಐಡಿಯ ಮುಂಭಾಗ ಡೊಮೇನಿನದು (ಸರ್ವರ್ ನೋಡಿಕೊಳ್ಳುವ ಖಾತೆ ಮತ್ತು ಕಂಪ್ಯೂಟರ್‌ಗಳ ಗುಂಪು), ಕೊನೆಯ ಅಂಕಿಗಳು ಆ ಬಳಕೆದಾರರವು. ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಡೊಮೇನ್ ಮಾಡಿ, ಅದೇ ‘ಶೋಭಾ’ ಎಂಬ ಯೂಸರ್ ಮಾಡಿ, ಅದೇ ಪಾಸ್‌ವರ್ಡ್ ಕೊಟ್ಟರೂ ವಿಂಡೋಸ್ ಪಾಲಿಗೆ ಆಕೆ ಹೊಸಬರು. ಆದ್ದರಿಂದ ಯೂಸರ್ಸ್ ಫೋಲ್ಡರಿನೊಳಗೆ ಹೆಸರಿನ ಮುಂದೆ ಚುಕ್ಕಿಯಿಟ್ಟು ಡೊಮೇನಿನ ಹೆಸರು ಸೇರಿಸಿದ ಬೇರೆಯೇ ಫೋಲ್ಡರ್ ಹುಟ್ಟುತ್ತದೆ. ಹಳೆಯದು ಪಕ್ಕದಲ್ಲೇ ಇರುತ್ತದೆ, ಅದನ್ನು ಯಾರೂ ತೆರೆಯುವುದಿಲ್ಲ.

ಹೊಸ ಡೊಮೇನ್ ನಿಜಕ್ಕೂ ಬೇಕೇ?

ಹಳೆಯ ಸರ್ವರ್ ಇನ್ನೂ ಜೀವಂತ ಇದೆಯೆಂದಾದರೆ ಹೆಚ್ಚಿನ ಆಫೀಸುಗಳಿಗೆ ಹೊಸ ಡೊಮೇನ್ ಬೇಡ. ಇದ್ದ ಡೊಮೇನಿಗೇ ಹೊಸ ಸರ್ವರನ್ನು ಎರಡನೇ ಡೊಮೇನ್ ಕಂಟ್ರೋಲರ್ (ಡೊಮೇನಿನ ಲಾಗಿನ್ ನೋಡಿಕೊಳ್ಳುವ ಸರ್ವರ್) ಆಗಿ ಸೇರಿಸಿ, ಐದು ಎಫ್‌ಎಸ್‌ಎಂಒ ರೋಲ್‌ಗಳನ್ನು (ಒಂದು ಸಲಕ್ಕೆ ಒಂದೇ ಕಂಟ್ರೋಲರ್ ಹೊರುವ ವಿಶೇಷ ಹೊಣೆಗಳು) ಅದಕ್ಕೆ ವರ್ಗಾಯಿಸಿ, ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ಸೇವೆ) ಮತ್ತು ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಸೇವೆ) ಅಲ್ಲಿಗೆ ತಂದು, ಕೊನೆಗೆ ಹಳೆಯದನ್ನು ಡಿಮೋಟ್ ಮಾಡಿದರೆ, ಅಂದರೆ ಕಂಟ್ರೋಲರ್ ಹೊಣೆಯಿಂದ ಇಳಿಸಿದರೆ, ಎಸ್‌ಐಡಿಗಳು ಒಂದೂ ಬದಲಾಗುವುದಿಲ್ಲ. ಕಂಪ್ಯೂಟರ್‌ಗಳ ಪ್ರೊಫೈಲ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಹೊಸ ಡೊಮೇನ್ ಮಾಡಿದರೆ ಎಲ್ಲ ಸ್ವಚ್ಛ ಎಂಬ ಆಸೆಗೆ ಇಪ್ಪತ್ತು ಜನರ ಪ್ರೊಫೈಲನ್ನು ಪಣಕ್ಕಿಡಬೇಡಿ.

ಈ ದಾರಿಯಲ್ಲಿ ಎಡವುವುದು ಮೂರು ಕಡೆ. ಒಂದು, ಸಿಸ್‌ವಾಲ್ (ಕಂಟ್ರೋಲರ್‌ಗಳು ಹಂಚಿಕೊಳ್ಳುವ ಪಾಲಿಸಿ ಫೋಲ್ಡರ್) ಇನ್ನೂ ಎಫ್‌ಆರ್‌ಎಸ್ ಎಂಬ ಹಳೆಯ ನಕಲು ವ್ಯವಸ್ಥೆಯಲ್ಲಿದ್ದರೆ ಸರ್ವರ್ 2019 ಮತ್ತು ನಂತರದವು ಡೊಮೇನ್ ಕಂಟ್ರೋಲರ್ ಆಗಲು ಒಪ್ಪುವುದಿಲ್ಲ. ಡಿಎಫ್‌ಎಸ್‌ಆರ್‌ಮಿಗ್ ಕಮಾಂಡಿನಿಂದ ಒಂದು, ಎರಡು, ಮೂರು ಎಂದು ಹಂತ ಏರಿಸಿ. ಪ್ರತಿ ಹಂತ ಪೂರ್ತಿಯಾಯಿತೆಂದು ಅದೇ ಕಮಾಂಡ್ ಹೇಳಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಎರಡು, ಸರ್ವರ್ 2025ಕ್ಕೆ ಡೊಮೇನ್ ಮತ್ತು ಫಾರೆಸ್ಟಿನ (ಡೊಮೇನ್‌ಗಳ ಒಟ್ಟು ಗುಂಪಿನ) ಫಂಕ್ಷನಲ್ ಲೆವೆಲ್, ಅಂದರೆ ಅವು ನಡೆಯುವ ಆವೃತ್ತಿಯ ಮಟ್ಟ, 2016 ಇರಬೇಕು. 2012 ಆರ್2 ಒಂದೇ ಕಂಟ್ರೋಲರ್ ಇದ್ದಾಗ ಅಷ್ಟು ಏರಿಸಲು ಬರುವುದಿಲ್ಲ, ಹಾಗಾಗಿ ನೇರವಾಗಿ 2025 ಸೇರಿಸಲಾಗದು. 2022 ಹಾಕಿ, ಇಲ್ಲವೇ ಅದನ್ನು ನಡುವಿನ ಮೆಟ್ಟಿಲಾಗಿ ಬಳಸಿ. ಮೂರು, ಸ್ಮಾಲ್ ಬಿಸಿನೆಸ್ ಸರ್ವರ್ ಎಲ್ಲ ಐದು ರೋಲ್ ತನ್ನಲ್ಲೇ ಇರಬೇಕೆನ್ನುವ ಜಾತಿಯದು. 2011ರ ಆವೃತ್ತಿಯಲ್ಲಿ ರೋಲ್ ವರ್ಗಾಯಿಸಿದ ಮೇಲೆ ಸಿಗುವ ರಿಯಾಯಿತಿ 21 ದಿನ. ಅಷ್ಟರೊಳಗೆ ಅದರ ಕೆಲಸ ಮುಗಿಸಿ ಡಿಮೋಟ್ ಮಾಡಬೇಕು.

ಹೊಸ ಡೊಮೇನ್ ಅನಿವಾರ್ಯವಾಗುವುದು ಹಳೆಯ ಸರ್ವರ್ ಪೂರ್ತಿ ಸತ್ತು ಸಿಸ್ಟಮ್ ಸ್ಟೇಟ್ ಬ್ಯಾಕಪ್ ಇಲ್ಲದಾಗ, ಸಂಸ್ಥೆ ಪಾಲಾಗಿ ಎರಡಾದಾಗ, ಅಥವಾ ಆ್ಯಕ್ಟಿವ್ ಡೈರೆಕ್ಟರಿ (ಡೊಮೇನಿನ ಖಾತೆಗಳೆಲ್ಲ ಇರುವ ಕಡತ) ದುರಸ್ತಿ ಮೀರಿ ಕೆಟ್ಟಾಗ. ಸರ್ವರ್ ಸತ್ತಿದ್ದರೂ ಗಾಬರಿಯಿಂದ ಕಂಪ್ಯೂಟರ್‌ಗಳನ್ನು ಡೊಮೇನಿನಿಂದ ತೆಗೆಯಬೇಡಿ. ಹಿಂದೆ ಲಾಗಿನ್ ಆದವರ ಗುರುತನ್ನು ವಿಂಡೋಸ್ ತನ್ನಲ್ಲೇ ಉಳಿಸಿಕೊಂಡಿರುತ್ತದೆ, ಮೂಲ ಸೆಟ್ಟಿಂಗಿನಲ್ಲಿ ಕೊನೆಯ ಹತ್ತು ಜನರದ್ದು. ಸರ್ವರ್ ಇಲ್ಲದೆಯೂ ಅವರು ತಮ್ಮ ಹಳೆಯ ಪ್ರೊಫೈಲಿಗೆ ಬರಬಹುದು. ಕೆಳಗಿನ ತಯಾರಿ ಮುಗಿಯುವವರೆಗೆ ಆ ಬಾಗಿಲು ತೆರೆದೇ ಇರಲಿ.

ಇಲ್ಲಿಂದ ಮುಂದಿನದು ಹೊಸ ಡೊಮೇನ್ ಮಾಡಲೇಬೇಕಾದವರಿಗೆ. ಹಳೆಯ ಸರ್ವರ್ ಅದೇ ನೆಟ್‌ವರ್ಕಿನಲ್ಲಿ ಇನ್ನೂ ಇರುವುದಾದರೆ ಹೊಸ ಡೊಮೇನಿಗೆ ಬೇರೆಯೇ ಹೆಸರಿಡಿ. ಒಂದೇ ಹೆಸರಿನ ಎರಡು ಡೊಮೇನ್ ಒಂದೇ ನೆಟ್‌ವರ್ಕಿನಲ್ಲಿ ಬಾಳುವುದಿಲ್ಲ.

ದಿನ ಗೊತ್ತುಮಾಡುವುದು

ತಿಂಗಳ 11 ಮತ್ತು 20ರ ಹತ್ತಿರ ಬೇಡ, ಜಿಎಸ್‌ಟಿಆರ್-1 ಮತ್ತು 3ಬಿ ಗಡುವಿನ ದಿನಗಳವು. ಸಿಎ ಆಫೀಸುಗಳಲ್ಲಿ ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೂ ಕೈಹಾಕದಿರುವುದು ಲೇಸು. ಮೀನಿನ ವ್ಯವಹಾರದವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಟ್ರಾಲಿಂಗ್ ನಿಷೇಧದ ಕಾಲವೇ ಬಿಡುವು. ಆಯುಧಪೂಜೆಯ ಮರುದಿನದ ರಜೆ ಹಲವು ಆಫೀಸುಗಳಿಗೆ ಹೇಳಿ ಮಾಡಿಸಿದ ದಿನ.

ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಗುಡುಗು ಸಿಡಿಲು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಕೆಲಸವನ್ನು ಬೆಳಿಗ್ಗೆ ಏಳಕ್ಕೇ ಶುರುಮಾಡಿ. ಆ ಭಾನುವಾರ ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಪ್ರೊಫೈಲ್ ಬದಲಾಗುತ್ತಿರುವ ನಡುವೆ ಕರೆಂಟ್ ಹೋದರೆ ಅರ್ಧ ಅನುಮತಿ ಹಳೆಯ ಹೆಸರಲ್ಲಿ, ಅರ್ಧ ಹೊಸ ಹೆಸರಲ್ಲಿ ಉಳಿದುಬಿಡುತ್ತದೆ. ಯುಪಿಎಸ್‌ನ ಬ್ಯಾಟರಿ ಕನಿಷ್ಠ ಇಪ್ಪತ್ತು ನಿಮಿಷ ಹಿಡಿಯಬೇಕು.

ಉಪ್ಪುಗಾಳಿ ಬಡಿಯುವ ಕಡೆಗಳಲ್ಲಿ ಆರ್‌ಜೆ45 ಪಿನ್‌ಗಳಿಗೆ ಕಿಲುಬು ಹಿಡಿದು ಗಿಗಾಬಿಟ್ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. 100 ಜಿಬಿ ಡೇಟಾ ಗಿಗಾಬಿಟ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಸಾಗುವುದಾದರೆ ಇದರಲ್ಲಿ ಎರಡೂವರೆ ತಾಸು ಬೇಕು. ಅಡಾಪ್ಟರಿನ ಸ್ಟೇಟಸ್‌ನಲ್ಲಿ ಸ್ಪೀಡ್ ನೋಡಿ, 100 ಕಂಡಲ್ಲಿ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ.

ಡಾಕ್ಯುಮೆಂಟ್ಸ್ ನಿಜವಾಗಿ ಎಲ್ಲಿದೆ?

ಅತಿ ಹೆಚ್ಚು ಡೇಟಾ ಹೋಗುವುದು ಈ ಪ್ರಶ್ನೆ ಕೇಳದೆ ಮುಂದುವರಿದಲ್ಲಿ. ಸ್ಮಾಲ್ ಬಿಸಿನೆಸ್ ಸರ್ವರ್ ಇದ್ದ ಆಫೀಸುಗಳಲ್ಲಿ ಫೋಲ್ಡರ್ ರೀಡೈರೆಕ್ಷನ್ ಬಹುತೇಕ ಹಾಕಿರುತ್ತಾರೆ. ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಇದ್ದಂತೆ ಕಾಣುತ್ತವೆ, ಇರುವುದು ಸರ್ವರಿನಲ್ಲಿ. ಸಿ ಡ್ರೈವಿನ ಯೂಸರ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿ ನಿಶ್ಚಿಂತೆಯಿಂದ ಕೂತವರ ಕೈಯಲ್ಲಿ ಇರುವುದು ಖಾಲಿ ಫೋಲ್ಡರ್.

ಪರೀಕ್ಷೆ ಸುಲಭ. ಆ ಬಳಕೆದಾರರ ಲಾಗಿನ್‌ನಲ್ಲೇ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್ ಟ್ಯಾಬ್. ವಿಳಾಸ ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾದರೆ ಅದು ಸರ್ವರಿನದು. ಡೆಸ್ಕ್‌ಟಾಪ್, ಪಿಕ್ಚರ್ಸ್, ಫೇವರಿಟ್ಸ್ ಫೋಲ್ಡರ್‌ಗಳಿಗೂ ಇದೇ ರೀತಿ ನೋಡಿ.

ಹಳೆಯ ಡೊಮೇನ್ ಬಿಡುವ ಮೊದಲೇ ಇವನ್ನು ಕಂಪ್ಯೂಟರಿಗೆ ಹಿಂದಕ್ಕೆ ತನ್ನಿ. ಗ್ರೂಪ್ ಪಾಲಿಸಿಯಲ್ಲಿ (ಸರ್ವರಿನಿಂದ ಎಲ್ಲ ಕಂಪ್ಯೂಟರಿಗೂ ಸೆಟ್ಟಿಂಗ್ ಕೊಡುವ ವ್ಯವಸ್ಥೆ) ಗುರಿಯನ್ನು ಲೋಕಲ್ ಯೂಸರ್ ಪ್ರೊಫೈಲ್ ಎಂದು ಬದಲಿಸಿ, ಒಳಗಿರುವುದನ್ನೂ ಜೊತೆಗೆ ಸಾಗಿಸಬೇಕೆಂಬ ಗುರುತು ಹಾಕಿ. ಆಮೇಲೆ ಪ್ರತಿಯೊಬ್ಬರೂ ಎರಡು ಸಲ ಲಾಗಾಫ್ ಆಗಿ ಲಾಗಿನ್ ಆಗಲಿ. ಒಂದೇ ಸಲಕ್ಕೆ ಈ ಪಾಲಿಸಿ ಹಿಡಿಯದಿರುವುದು ಸಹಜ. ಆಫ್‌ಲೈನ್ ಫೈಲ್ಸ್ ಇದ್ದರೆ ಸಿಂಕ್ ಸೆಂಟರ್ ತೆರೆದು ಕಾನ್‌ಫ್ಲಿಕ್ಟ್ ಪಟ್ಟಿ ನೋಡಿ. ತಿಂಗಳುಗಟ್ಟಲೆ ಸಿಂಕ್ ಆಗದ ಫೈಲ್ ಆ ಲ್ಯಾಪ್‌ಟಾಪಿನ ಒಳಗಿನ ಕ್ಯಾಶ್‌ನಲ್ಲಿ ಮಾತ್ರ ಇರಬಹುದು, ಸರ್ವರಿನಲ್ಲಿ ಇಲ್ಲವೇ ಇಲ್ಲ.

ಸರ್ವರಿನಿಂದ ನೇರ ನಕಲು ಮಾಡುವಾಗ ಅಡ್ಮಿನಿಸ್ಟ್ರೇಟರಿಗೂ ‘ಆಕ್ಸೆಸ್ ಡಿನೈಡ್’ ಬರುತ್ತದೆ. ಆ ಫೋಲ್ಡರಿನ ಹಕ್ಕು ಬಳಕೆದಾರರಿಗೆ ಮಾತ್ರ ಎಂದು ರೀಡೈರೆಕ್ಷನ್ ಹಾಕುವಾಗಲೇ ಬರೆದಿರುತ್ತದೆ. ಅದಕ್ಕಾಗಿ ಓನರ್‌ಶಿಪ್ ಕಿತ್ತುಕೊಳ್ಳಬೇಡಿ, ಓನರ್ ಬೇರೆಯಾದರೆ ರೀಡೈರೆಕ್ಷನ್ ಆಮೇಲೆ ಆ ಫೋಲ್ಡರನ್ನು ಒಪ್ಪುವುದಿಲ್ಲ. ವಿಂಡೋಸ್‌ನ ನಕಲು ಕಮಾಂಡ್ ರೋಬೋಕಾಪಿಯನ್ನು ಬ್ಯಾಕಪ್ ಮೋಡಿನಲ್ಲಿ, ಅಂದರೆ ಬಿ ಸ್ವಿಚ್ ಹಾಕಿ ಓಡಿಸಿ. ಜಂಕ್ಷನ್ (ಬೇರೆ ಫೋಲ್ಡರಿಗೆ ಒಯ್ಯುವ ಕೊಂಡಿ) ಬಿಡುವ ಎಕ್ಸ್‌ಜೆ ಸ್ವಿಚ್ ಕಡ್ಡಾಯ, ಅದಿಲ್ಲದಿದ್ದರೆ ಪ್ರೊಫೈಲಿನೊಳಗಿನ ‘ಅಪ್ಲಿಕೇಶನ್ ಡೇಟಾ’ ಎಂಬ ಜಂಕ್ಷನ್ ಸುತ್ತಿ ಸುತ್ತಿ ಡಿಸ್ಕ್ ತುಂಬುತ್ತದೆ. ಮರುಪ್ರಯತ್ನದ ಎಣಿಕೆ ಮತ್ತು ಕಾಯುವ ಸೆಕೆಂಡು ಎರಡನ್ನೂ 1ಕ್ಕೆ ಇಳಿಸಿ. ಮೂಲ ಸೆಟ್ಟಿಂಗಿನಲ್ಲಿ ಹತ್ತು ಲಕ್ಷ ಸಲ, ಪ್ರತಿ ಸಲ 30 ಸೆಕೆಂಡು ಕಾಯುತ್ತದೆ. ಮಿರರ್ ಸ್ವಿಚ್ ಮುಟ್ಟಲೇಬೇಡಿ: ಮೂಲ ಮತ್ತು ಗುರಿ ಅದಲುಬದಲಾದರೆ ಒಳ್ಳೆಯ ಪ್ರತಿಯೇ ಅಳಿದುಹೋಗುತ್ತದೆ. ಹೊಸ ಡೊಮೇನಿಗೆ ಹೋಗುವ ನಕಲಿನಲ್ಲಿ ಡೇಟಾ, ಆಟ್ರಿಬ್ಯೂಟ್ ಮತ್ತು ಸಮಯ ಮಾತ್ರ ಸಾಕು. ಹಳೆಯ ಅನುಮತಿಗಳನ್ನೂ ತಂದರೆ ಅವು ಯಾರೆಂದು ತಿಳಿಯದ ಉದ್ದ ಸಂಖ್ಯೆಗಳಾಗಿ ಉಳಿಯುತ್ತವೆ.

ಪ್ರೊಫೈಲಿನ ಜೊತೆ ಬಾರದವು

ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮತ್ತು ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿರುವವು ಡಿಪಿಎಪಿಐ ಎಂಬ ಬೀಗದೊಳಗಿವೆ. ಅದರ ಕೀಲಿ ಆ ಎಸ್‌ಐಡಿ ಮತ್ತು ಪಾಸ್‌ವರ್ಡಿಗೆ ಹೆಣೆದುಕೊಂಡಿದೆ. ಫೈಲ್ ಬಂದರೂ ಹೊಸ ಖಾತೆಯಲ್ಲಿ ಅದು ತೆರೆಯುತ್ತದೆಂದು ನಂಬಬೇಡಿ. ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ, ಇಪಿಎಫ್ ಪೋರ್ಟಲ್‌ಗಳ ಪಾಸ್‌ವರ್ಡೆಲ್ಲ ಕ್ರೋಮ್‌ನಲ್ಲೇ ಇಟ್ಟು ಮರೆತಿರುವ ಆಫೀಸುಗಳೇ ಜಾಸ್ತಿ. ಹಳೆಯ ಲಾಗಿನ್ ಇರುವಾಗಲೇ ಎಕ್ಸ್‌ಪೋರ್ಟ್ ಮಾಡಿಸಿ, ಹೊಸದರಲ್ಲಿ ಇಂಪೋರ್ಟ್ ಮಾಡಿ. ಆ ಫೈಲಿನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತಿರುತ್ತದೆ, ಕೆಲಸವಾದ ಕೂಡಲೇ ಅಳಿಸಿ, ರೀಸೈಕಲ್ ಬಿನ್ನಿನಿಂದಲೂ.

ಯುಎಸ್‌ಬಿ ಟೋಕನ್‌ನಲ್ಲಿರುವ ಡಿಎಸ್‌ಸಿಗೆ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ತೊಂದರೆಯಿಲ್ಲ, ಕೀಲಿ ಟೋಕನ್ನಿನೊಳಗೇ ಇದೆ. ಬೇಕಾದ್ದು ಡ್ರೈವರ್ ಮತ್ತು ಪಿನ್. ಕಂಪ್ಯೂಟರಿನಲ್ಲೇ ಹಾಕಿಕೊಂಡ ಸರ್ಟಿಫಿಕೇಟ್ ಇದ್ದರೆ ಪ್ರೈವೇಟ್ ಕೀ ಸಮೇತ ಎಕ್ಸ್‌ಪೋರ್ಟ್ ಮಾಡಿಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ರಿಕವರಿ ಕೀ ಹಳೆಯ ಸರ್ವರಿನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಮಾತ್ರ ಇರಬಹುದು, ಪ್ರತಿ ಲ್ಯಾಪ್‌ಟಾಪಿನ ಕೀ ಬರೆದಿಟ್ಟುಕೊಳ್ಳದೆ ಸರ್ವರ್ ಆಫ್ ಮಾಡಬೇಡಿ.

ಔಟ್‌ಲುಕ್‌ನಲ್ಲಿ ಪಿಒಪಿ ಖಾತೆ (ಮೇಲನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವಂಥದ್ದು) ಇದ್ದರೆ ಮೇಲ್ ಎಲ್ಲ ಪಿಎಸ್‌ಟಿ ಫೈಲಿನಲ್ಲಿದೆ, ಬೇರೆಲ್ಲೂ ಇಲ್ಲದಿರಬಹುದು. ಅಕೌಂಟ್ ಸೆಟ್ಟಿಂಗ್ಸ್, ಡೇಟಾ ಫೈಲ್ಸ್‌ನಲ್ಲಿ ಅದರ ಜಾಗ ನೋಡಿ ಬರೆದಿಡಿ. ಒಎಸ್‌ಟಿಯಾದರೆ, ಮೇಲ್ ಸರ್ವರ್ ಮುಂದೆಯೂ ಇರುವುದಾದರೆ ನಕಲು ಬೇಡ, ಅಲ್ಲಿಂದ ಮತ್ತೆ ಇಳಿಯುತ್ತದೆ.

ಟ್ಯಾಲಿ ಸರ್ವರಿನಲ್ಲಿದ್ದರೆ ಹಳೆಯ ಯಂತ್ರದಿಂದ ಲೈಸೆನ್ಸ್ ಮೊದಲು ಸರೆಂಡರ್ ಮಾಡಿ, ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿ. ಪ್ರತಿ ಕಂಪ್ಯೂಟರಿನ ಟ್ಯಾಲಿ ಇನಿ ಫೈಲಿನಲ್ಲಿ ಡೇಟಾ ಪಾತ್ ಮತ್ತು ಲೈಸೆನ್ಸ್ ಸರ್ವರಿನ ಹೆಸರು ಹೊಸದಾಗಬೇಕು. ಗೇಟ್‌ವೇ ಸರ್ವರಿನ 9999 ಪೋರ್ಟನ್ನು ಹೊಸ ಸರ್ವರಿನ ಫೈರ್‌ವಾಲಿನಲ್ಲಿ ತೆರೆಯಲು ಮರೆಯಬೇಡಿ.

ಕಂಪ್ಯೂಟರಿನ ಎದುರು

ಮೊದಲಿಗೆ ಒಂದೇ ಒಂದು ಕಂಪ್ಯೂಟರ್ ಮಾಡಿ ಎರಡು ದಿನ ಬಿಡಿ. ದಣಿಗಳದ್ದೂ ಬೇಡ, ಬಿಲ್ಲಿಂಗಿನದ್ದೂ ಬೇಡ. ಮೇಲ್, ಪ್ರಿಂಟರ್, ಟ್ಯಾಲಿ ಮೂರನ್ನೂ ಬಳಸುವ, ಆದರೆ ಅರ್ಧ ದಿನ ನಿಂತರೂ ವ್ಯಾಪಾರ ನಿಲ್ಲದ ಯಂತ್ರ ಆರಿಸಿ.

1. ಪೂರ್ತಿ ಡಿಸ್ಕಿನ ಇಮೇಜನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆಯಿರಿ. ಫೋಲ್ಡರಿನ ನಕಲು ಮಾತ್ರ ಸಾಲದು, ಎಡವಟ್ಟಾದರೆ ಹಿಂದಿನ ಸ್ಥಿತಿಗೆ ತರುವುದು ಇಮೇಜ್ ಒಂದೇ.

2. ಲೋಕಲ್ ಅಡ್ಮಿನ್ ಖಾತೆ ಮಾಡಿ, ಅದರಿಂದ ಒಮ್ಮೆ ನಿಜವಾಗಿ ಲಾಗಿನ್ ಆಗಿ ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಮೂಲ ಅಡ್ಮಿನಿಸ್ಟ್ರೇಟರ್ ಖಾತೆ ನಿಷ್ಕ್ರಿಯವಾಗಿರುತ್ತದೆ. ಇದಿಲ್ಲದೆ ಡೊಮೇನ್ ಬಿಟ್ಟರೆ ಆ ಕಂಪ್ಯೂಟರಿನೊಳಗೆ ಹೋಗುವ ದಾರಿಯೇ ಮುಚ್ಚುತ್ತದೆ.

3. ಡಿಎನ್‌ಎಸ್ ಹೊಸ ಸರ್ವರಿನ ಐಪಿಗೆ ಮಾತ್ರ ತೋರಿಸಲಿ. ಎರಡನೇ ಸಾಲಿನಲ್ಲಿ ರೂಟರ್ ಅಥವಾ 8.8.8.8 ಹಾಕಬೇಡಿ. ‘ಡೊಮೇನ್ ಕಂಟ್ರೋಲರ್ ಸಂಪರ್ಕಿಸಲಾಗಲಿಲ್ಲ’ ಎಂಬ ಸಂದೇಶಕ್ಕೆ ಹೆಚ್ಚಿನ ಸಲ ಕಾರಣ ಇದೇ. ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ, ಸರ್ವರಿನದ್ದು ಒಂದೇ ಇರಲಿ. ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನಿನ ಲಾಗಿನ್ ಪರೀಕ್ಷಿಸುವ ಕರ್ಬರೋಸ್ ಒಳಗೆ ಬಿಡುವುದಿಲ್ಲ. ಮದರ್‌ಬೋರ್ಡಿನ ಸೆಲ್ ಹೋದ ಹಳೆಯ ಯಂತ್ರಗಳಲ್ಲಿ ಇದನ್ನು ವಿಶೇಷವಾಗಿ ನೋಡಿ.

4. ರೀಸ್ಟಾರ್ಟ್ ಮಾಡಿ ನೇರವಾಗಿ ಲೋಕಲ್ ಅಡ್ಮಿನ್‌ಗೆ ಬನ್ನಿ. ಯೂಸರ್ ಬರೀ ಲಾಗಾಫ್ ಆಗಿದ್ದರೆ ಅವರ ರಿಜಿಸ್ಟ್ರಿ ಫೈಲ್ (ಸೆಟ್ಟಿಂಗ್‌ಗಳೆಲ್ಲ ಇರುವ ಕಡತ) ಇನ್ನೂ ಹಿನ್ನೆಲೆಯಲ್ಲಿ ತೆರೆದಿರಬಹುದು.

5. ಪ್ರೊಫೈಲ್ ವರ್ಗಾಯಿಸಿ. ಕಂಪ್ಯೂಟರ್ ಅದೇ, ಡೊಮೇನ್ ಮಾತ್ರ ಬೇರೆ ಎಂದಾದರೆ ಫೊರೆನ್ಸಿಟ್‌ನ ಯೂಸರ್ ಪ್ರೊಫೈಲ್ ವಿಝಾರ್ಡ್ ಒಳ್ಳೆಯದು. ಅದು ಫೈಲ್ ನಕಲು ಮಾಡುವುದಿಲ್ಲ. ಇದ್ದ ಜಾಗದಲ್ಲೇ ಫೋಲ್ಡರ್ ಮತ್ತು ರಿಜಿಸ್ಟ್ರಿಯ ಅನುಮತಿಗಳನ್ನು ಹೊಸ ಎಸ್‌ಐಡಿಗೆ ಬದಲಿಸಿ, ಕಂಪ್ಯೂಟರನ್ನು ಹೊಸ ಡೊಮೇನಿಗೂ ಸೇರಿಸುತ್ತದೆ. ಆಫೀಸಿನ ಬಳಕೆಗೆ ಯಾವ ಆವೃತ್ತಿ ಬೇಕೆಂದು ಲೈಸೆನ್ಸ್ ಷರತ್ತು ಓದಿ. ಕಂಪ್ಯೂಟರೂ ಹೊಸದಾದರೆ ಮೈಕ್ರೋಸಾಫ್ಟ್‌ನ ಯುಎಸ್‌ಎಂಟಿ ಸೂಕ್ತ: ಹಳೆಯದರಲ್ಲಿ ಸ್ಕ್ಯಾನ್‌ಸ್ಟೇಟ್, ಹೊಸದರಲ್ಲಿ ಲೋಡ್‌ಸ್ಟೇಟ್. ಲೋಡ್ ಮಾಡುವಾಗ ಎಂಯು ಸ್ವಿಚ್‌ನಲ್ಲಿ ಹಳೆಯ ಡೊಮೇನಿನ ಯೂಸರ್ ಯಾರು, ಹೊಸದರಲ್ಲಿ ಯಾರು ಎಂಬ ಜೋಡಿ ಕೊಡಬೇಕು.

6. ಹೊಸ ಖಾತೆಯಿಂದ ಲಾಗಿನ್ ಆಗಿ ಔಟ್‌ಲುಕ್ ತೆರೆಯಿರಿ, ಒಂದು ಕಾಗದ ಪ್ರಿಂಟ್ ತೆಗೆಯಿರಿ, ಟ್ಯಾಲಿ ತೆರೆಯಿರಿ, ಡಿಎಸ್‌ಸಿಯಿಂದ ಒಮ್ಮೆ ಸಹಿ ಹಾಕಿ ನೋಡಿ. ನುಡಿ ಅಥವಾ ಬರಹದಲ್ಲಿ ಮಾಡಿದ ಹಳೆಯ ಪತ್ರವೊಂದನ್ನೂ ತೆರೆಯಿರಿ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಚಿಹ್ನೆಗಳಾಗುತ್ತವೆ.

ಎಲ್ಲ ಪ್ರೊಫೈಲನ್ನೂ ಹೊತ್ತು ತರುವ ಅಗತ್ಯವಿಲ್ಲ ಎಂಬುದನ್ನೂ ಹೇಳಬೇಕು. ವಿಂಡೋಸ್ 7ರ ಕಾಲದಿಂದ ಅಪ್‌ಗ್ರೇಡ್ ಆಗುತ್ತಾ ಬಂದ, ಲಾಗಿನ್‌ಗೆ ಮೂರು ನಿಮಿಷ ಹಿಡಿಯುವ ಪ್ರೊಫೈಲಿಗೆ ಹೊಸ ಜನ್ಮವೇ ಒಳ್ಳೆಯದು. ಟ್ಯಾಲಿ ಮತ್ತು ಬ್ರೌಸರ್ ಮಾತ್ರ ಬಳಸುವವರಿಗೆ ಹೊಸ ಪ್ರೊಫೈಲ್ ಮಾಡಿಕೊಟ್ಟು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಬುಕ್‌ಮಾರ್ಕ್ ತಂದುಕೊಡಿ. ಅರ್ಧ ತಾಸಿನ ಕೆಲಸ.

ಟೂಲ್ ಇಲ್ಲದೆ ಕೈಯಾರೆ ಮಾಡುವಾಗ

ಒಂದೆರಡು ಕಂಪ್ಯೂಟರಿಗೆ ಇದು ಸಾಧ್ಯ. ಕಂಪ್ಯೂಟರನ್ನು ಹೊಸ ಡೊಮೇನಿಗೆ ಸೇರಿಸಿದ ಮೇಲೆ ಹೊಸ ಯೂಸರ್ ಒಮ್ಮೆ ಲಾಗಿನ್ ಆಗಿ ಹೊರಬರಲಿ, ರೀಸ್ಟಾರ್ಟ್ ಮಾಡಿ, ಲೋಕಲ್ ಅಡ್ಮಿನ್‌ಗೆ ಬನ್ನಿ. ಹಳೆಯ ಫೋಲ್ಡರಿಗೆ ಹೊಸ ಯೂಸರಿನ ಫುಲ್ ಕಂಟ್ರೋಲ್ ಕೊಟ್ಟು ಒಳಗಿನ ಎಲ್ಲದಕ್ಕೂ ಅನ್ವಯಿಸಿ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅನುಮತಿ ಎರಡು ಕಡೆ ಇದೆ: ಫೋಲ್ಡರಿನ ಮೇಲೆ ಒಂದು, ಎನ್‌ಟಿಯೂಸರ್ ಡ್ಯಾಟ್ ಎಂಬ ರಿಜಿಸ್ಟ್ರಿ ಫೈಲಿನ ಒಳಗೆ ಇನ್ನೊಂದು. ರೆಜ್‌ಎಡಿಟ್‌ನಲ್ಲಿ ಎಚ್‌ಕೀ ಯೂಸರ್ಸ್ ಆರಿಸಿ, ಲೋಡ್ ಹೈವ್ ಮೂಲಕ ಆ ಫೈಲ್ ತೆರೆದು, ಪರ್ಮಿಷನ್ಸ್‌ನಲ್ಲಿ ಹೊಸ ಯೂಸರನ್ನು ಸೇರಿಸಿ. ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್ ಒಳಗಿನ ಯೂಸರ್‌ಕ್ಲಾಸ್ ಡ್ಯಾಟ್ ಫೈಲಿಗೂ ಹೀಗೆಯೇ ಮಾಡಿ. ಮುಗಿದ ಮೇಲೆ ಎರಡನ್ನೂ ಅನ್‌ಲೋಡ್ ಮಾಡಲೇಬೇಕು, ಮರೆತರೆ ಮುಂದಿನ ಲಾಗಿನ್ ತಾತ್ಕಾಲಿಕ ಪ್ರೊಫೈಲಿಗೆ ಹೋಗುತ್ತದೆ.

ಕೊನೆಗೆ ರಿಜಿಸ್ಟ್ರಿಯ ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್ ಲಿಸ್ಟ್‌ಗೆ ಹೋಗಿ. ಹೊಸ ಯೂಸರಿನ ಎಸ್‌ಐಡಿ ಕೀಲಿಯಲ್ಲಿ ಪ್ರೊಫೈಲ್ ಇಮೇಜ್ ಪಾತ್ ಎಂಬಲ್ಲಿ ಹಳೆಯ ಫೋಲ್ಡರಿನ ಹೆಸರು ಬರೆಯಿರಿ, ರೀಸ್ಟಾರ್ಟ್ ಮಾಡಿ. ಈ ದಾರಿಯಲ್ಲಿ ಸ್ಟಾರ್ಟ್ ಮೆನು ಮತ್ತು ಸ್ಟೋರ್ ಆ್ಯಪ್‌ಗಳು ಕೆಲವೊಮ್ಮೆ ತೆರೆಯುವುದಿಲ್ಲ. ಅದಕ್ಕೇ ಮೂರಕ್ಕಿಂತ ಹೆಚ್ಚು ಕಂಪ್ಯೂಟರ್ ಇದ್ದರೆ ಟೂಲ್ ಬಳಸಿ.

ತಾತ್ಕಾಲಿಕ ಪ್ರೊಫೈಲ್ ಬಂದರೆ

‘ಟೆಂಪರರಿ ಪ್ರೊಫೈಲ್‌ನಲ್ಲಿ ಲಾಗಿನ್ ಆಗಿದ್ದೀರಿ’ ಎಂದು ಕಂಡ ಕೂಡಲೇ ಅವರನ್ನು ಕೆಲಸ ಮಾಡದಂತೆ ನಿಲ್ಲಿಸಿ. ಅಲ್ಲಿ ಉಳಿಸಿದ್ದೆಲ್ಲ ಲಾಗಾಫ್ ಆದಾಗ ಅಳಿಯುತ್ತದೆ. ಈವೆಂಟ್ ವ್ಯೂವರಿನಲ್ಲಿ 1511 ಅಥವಾ 1515 ಕಾಣುತ್ತದೆ. ಕಾರಣ ಹೆಚ್ಚಾಗಿ ರಿಜಿಸ್ಟ್ರಿ ಫೈಲಿಗೆ ಅನುಮತಿ ಸಿಗದಿರುವುದು, ಆಂಟಿವೈರಸ್ ಅದನ್ನು ಹಿಡಿದಿಟ್ಟಿರುವುದು, ಇಲ್ಲವೇ ಡಿಸ್ಕ್ ತುಂಬಿರುವುದು. ಕಾರಣ ಸರಿಮಾಡಿದ ಮೇಲೆ ಪ್ರೊಫೈಲ್ ಲಿಸ್ಟ್ ನೋಡಿ: ಒಂದೇ ಎಸ್‌ಐಡಿ ಎರಡು ಸಲ ಇರುತ್ತದೆ, ಒಂದರ ಕೊನೆಯಲ್ಲಿ ‘ಬ್ಯಾಕ್’ ಎಂಬ ಬಾಲ. ಬಾಲವಿಲ್ಲದ್ದಕ್ಕೆ ಬೇರೆ ಹೆಸರಿಟ್ಟು, ಬಾಲವಿರುವುದರ ಬಾಲ ತೆಗೆದು, ಅದರೊಳಗಿನ ಸ್ಟೇಟ್ ಮತ್ತು ರೆಫ್‌ಕೌಂಟ್ ಬೆಲೆಗಳನ್ನು ಸೊನ್ನೆ ಮಾಡಿ ರೀಸ್ಟಾರ್ಟ್ ಮಾಡಿ.

ಲಾಗಿನ್ ಸರಿಯಾಗಿ ಆದರೂ ಬಹಳ ನಿಧಾನವೆಂದಾದರೆ ಹಳೆಯ ಸರ್ವರಿನ ಹೆಸರಲ್ಲಿ ಉಳಿದ ಮ್ಯಾಪ್ ಡ್ರೈವ್ ಮತ್ತು ಪ್ರಿಂಟರ್ ಹುಡುಕಿ. ಇಲ್ಲದ ಸರ್ವರಿಗೆ ವಿಂಡೋಸ್ ಕಾಯುತ್ತಿರುತ್ತದೆ. ಎರಡನ್ನೂ ತೆಗೆದು ಗ್ರೂಪ್ ಪಾಲಿಸಿಯಿಂದ ಹೊಸದಾಗಿ ಕೊಡಿ.

ಹಳೆಯ ಸರ್ವರ್ ಆಫ್ ಮಾಡುವುದು ಯಾವಾಗ?

ಕೊನೆಯ ಕಂಪ್ಯೂಟರ್ ಮುಗಿದ ಮೇಲೆ ಮೊದಲು ನೆಟ್‌ವರ್ಕ್ ಕೇಬಲ್ ಮಾತ್ರ ತೆಗೆಯಿರಿ, ಸರ್ವರ್ ಚಾಲೂ ಇರಲಿ. ಯಾವುದೋ ಸ್ಕ್ಯಾನರ್ ಹಳೆಯ ಸರ್ವರಿಗೇ ಫೈಲ್ ಕಳಿಸುತ್ತಿದ್ದರೆ, ಹಾಜರಿ ಯಂತ್ರದ ಸಾಫ್ಟ್‌ವೇರ್ ಅಲ್ಲೇ ಇದ್ದರೆ ವಾರದೊಳಗೆ ಯಾರಾದರೂ ಬಂದು ಹೇಳುತ್ತಾರೆ. ಒಂದು ಪೂರ್ತಿ ತಿಂಗಳು, ಸಂಬಳ ಮತ್ತು 3ಬಿ ಎರಡೂ ಕಳೆಯುವವರೆಗೆ ಫಾರ್ಮ್ಯಾಟ್ ಮಾಡಬೇಡಿ. ಇದ್ದ ಡೊಮೇನನ್ನೇ ಉಳಿಸಿಕೊಂಡವರು ಮಾತ್ರ ಹೀಗೆ ಕೇಬಲ್ ಕಿತ್ತು ಬಿಡಬಾರದು, ನೆಟ್‌ವರ್ಕಿನಲ್ಲಿರುವಾಗಲೇ ಕ್ರಮವಾಗಿ ಡಿಮೋಟ್ ಮಾಡಿ ತೆಗೆಯಬೇಕು.

ಕಂಪ್ಯೂಟರ್‌ಗಳಲ್ಲಿ ಉಳಿದ ಅನಗತ್ಯ ಪ್ರೊಫೈಲ್‌ಗಳನ್ನು ಎಕ್ಸ್‌ಪ್ಲೋರರಿನಿಂದ ಫೋಲ್ಡರ್ ಅಳಿಸಿ ತೆಗೆಯಬೇಡಿ. ಪ್ರೊಫೈಲ್ ಲಿಸ್ಟ್‌ನಲ್ಲಿ ಅದರ ಹೆಸರು ಉಳಿದು, ಆ ವ್ಯಕ್ತಿ ಮತ್ತೆ ಲಾಗಿನ್ ಆದಾಗ ತಾತ್ಕಾಲಿಕ ಪ್ರೊಫೈಲ್ ಸಿಗುತ್ತದೆ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬಿನಲ್ಲಿ ಯೂಸರ್ ಪ್ರೊಫೈಲ್ಸ್ ತೆರೆದು ಅಲ್ಲಿಂದಲೇ ಡಿಲೀಟ್ ಮಾಡಿದರೆ ಫೋಲ್ಡರೂ ರಿಜಿಸ್ಟ್ರಿ ನಮೂದೂ ಒಟ್ಟಿಗೇ ಹೋಗುತ್ತವೆ.